ಅಪ್ಪನ ಎಡೆಗೆ ಮಬ್ಬು ಬಿಯರು

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ವನಿತಾ ಚೀಲದೊಳಗಿನ ಬಾಟಲಿಯನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಲೇಬಲ್ಲಿಲ್ಲದ ಬಿಳಿ ಗಾಜಿನ ಬಾಟಲಿ. ಒಳಗಿದ್ದದ್ದು ಅರಿಶಿನ ಕದಡಿದ ನೀರಿನಂತೆ ಹಳದಿ, ಮಬ್ಬು.

"ಏನೇ ಅದು?" ಒಲೆಯ ಮುಂದಿದ್ದ ಅಮ್ಮ ಕನಕಮ್ಮ ಕೇಳಿದಳು.

"ನಮ್ ಕಂಪನೀದಮ್ಮ. ಮಾವಿನಣ್ಣಿನ ಜ್ಯೂಸು. ಅಪ್ಪನ ಎಡೆಗೆ ಇಡಾಣ ಅಂತ ತಂದೆ."

ಜ್ಯೂಸ್ ಕಂಪನಿ ಎಂಬುದು ವನಿತಾ ಕೆಲಸಕ್ಕೆ ಸೇರಿದ ದಿನದಿಂದ ಹೇಳಿಕೊಂಡು ಬಂದ ಸುಳ್ಳು. ಬಂಗಾರಪೇಟೆಯ ಆಚೆ, ಹಳೆಯ ಗೋದಾಮೊಂದರಲ್ಲಿ ಅಂಬರೀಶ್ ಎಂಬುವರು ನಡೆಸುತ್ತಿದ್ದದ್ದು ಬಿಯರು ಮಾಡುವ ಸಣ್ಣ ಘಟಕ. ಬಿಎಸ್ಸಿ ಮುಗಿಸಿದ ವನಿತಾ ಅಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಯೀಸ್ಟ್ ನೋಡುತ್ತಿದ್ದಳು. ಯಾರೊಡನೆಯೂ ಹೆಚ್ಚು ಮಾತಿಲ್ಲದ ಅವಳಿಗೆ ಆ ಮೂಲೆ ಹಿತವಾಗಿತ್ತು. ಆದರೆ ಮೊನ್ನೆ ಅಂಬರೀಶ್ ಬಾಟಲಿ ಕೈಗಿತ್ತು ಹೇಳಿದ್ದರು: "ಬುಧವಾರ ಎಲ್ಲಾರೂ ಕೂತು ಇದರ ರುಚಿ ನೋಡ್ತೀವಿ. ನೀನೂ ಕುಡಿದು ಹೇಳ್ಬೇಕಮ್ಮ. ಬಾಯಿಗೇ ಇಡದೋರನ್ನ ಇಟ್ಕೊಂಡು ನಾನೇನು ಮಾಡ್ಲಿ? ಆಗಲ್ಲ ಅಂದ್ರೆ ಬೇರೆಯೋರನ್ನ ನೋಡ್ತೀನಿ."

ಆಗುವಂತಿರಲಿಲ್ಲ. ಚಿನ್ನದ ಗಣಿ ಮುಚ್ಚಿದ ಮೇಲೆ ಅಪ್ಪ ಮುನಿಶಾಮಿ ರೈಲು ಹತ್ತಿ ಹೋಗಿ ಕೂಲಿ ಮಾಡಿದ, ಕುಡಿದ, ಕುಡಿದೇ ಸತ್ತ. ಅವನು ಕುಡಿಯುವ ಲೋಟವನ್ನು ಅಮ್ಮ ಎಂದೂ ಒಳಗಿನ ಪಾತ್ರೆಗಳ ಜೊತೆ ಸೇರಿಸಿದವಳಲ್ಲ. ತೊಳೆದು ಕಿಟಕಿಯ ಹೊರಗಟ್ಟೆಯ ಮೇಲೆ ಕವುಚಿಡುತ್ತಿದ್ದಳು. ಹಾಲು-ತುಪ್ಪ ಬಿಟ್ಟು ಬಂದ ದಿನ ಅವಳು ಅಂಗೈ ಚಾಚಿ, ಈ ಮನೆಯಲ್ಲಿ ಇನ್ನು ಯಾರೂ ಅದನ್ನು ಬಾಯಿಗಿಡಬಾರದೆಂದು ಮಗಳಿಂದ ಆಣೆ ಹಾಕಿಸಿಕೊಂಡಿದ್ದಳು. "ಎಣ್ ಮಗೀಗೆ ಯಾಕ್ ಅತ್ತಿಗೆ ಈ ಆಣೆ?" ಎಂದು ಚಿಕ್ಕಪ್ಪ ಸೆಲ್ವರಾಜ್ ನಕ್ಕಿದ್ದ.

ವನಿತಾಳಿಗೆ ಹೊಳೆದ ದಾರಿ ಒಂದೇ. ಎಡೆಗಿಟ್ಟದ್ದನ್ನು ಮನೆಯವರು ತಿನ್ನಲೇಬೇಕು. ಅಪ್ಪ ಮುಟ್ಟಿಹೋದ ಲೋಟದಿಂದ ಒಂದು ಗುಟುಕು ತೆಗೆದುಕೊಂಡರೆ ಅದು ಕುಡಿದಂತಲ್ಲ, ಎಡೆಯ ಪಾಲು ಪಡೆದಂತೆ. ಬುಧವಾರ ರುಚಿ ಹೇಳುವುದಕ್ಕೆ ಅಷ್ಟು ಸಾಕು.

ಅವಳು ಮುಚ್ಚಳ ಕಿತ್ತಳು. ಬುಸ್ಸೆಂದಿತು. ಕನಕಮ್ಮ ಒಲೆ ಬಿಟ್ಟು ಬಂದು, ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಕೆಳಗೆ ಮಡ್ಡಿ ನಿಂತದೆ. ಅಲ್ಲಾಡಿಸ್ಬೇಡ."

ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿಗೆ ನಲ್ಲಿ ನೀರು ಬರುವುದೇ ಕೆಂಪಗೆ. ಬಿಂದಿಗೆಯಲ್ಲಿ ನಿಲ್ಲಿಸಿ, ಮಣ್ಣು ಇಳಿದ ಮೇಲೆ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳುತ್ತಾರೆ. ಕನಕಮ್ಮ ಬಿಯರನ್ನೂ ಹಾಗೆಯೇ ಬಗ್ಗಿಸಿದಳು. ತಿಳಿಯಾದದ್ದು ಲೋಟಕ್ಕೆ ಬಂತು, ಮಬ್ಬೆಲ್ಲ ಬಾಟಲಿಯಲ್ಲೇ ಉಳಿಯಿತು. ಆ ಮಬ್ಬೇ ಇದರ ಜೀವ ಎಂದಿದ್ದರು ಅಂಬರೀಶ್.

ಅಷ್ಟರಲ್ಲಿ ಸೆಲ್ವರಾಜ್ ಬಂದ. ಎಲೆಯ ಮೇಲೆ ವಡೆ, ಪಾಯಸ, ಕೋಳಿಸಾರು, ಬೀಡಿ ಕಟ್ಟು. ಲೋಟ ನೋಡಿ ಹುಬ್ಬೇರಿಸಿದ. "ವರ್ಸಾ ವರ್ಸಾ ಬರೀ ವಡೆ ತಿಂದ್ಕೊಂಡು ಓಗ್ತಿದ್ದ ನಮ್ಮಣ್ಣ, ಪಾಪ. ಇವತ್ತೇನ್ ಅತ್ತಿಗೆ ಇದು?"

"ಜ್ಯೂಸು. ನಿಂಗಲ್ಲ, ಸುಮ್ಕಿರು."

ಕರ್ಪೂರ ಹಚ್ಚಿ, ಬಾಗಿಲು ಮುಂದೆ ಮಾಡಿ, ಮೂವರೂ ಹೊರಗೆ ಕುಳಿತರು. ಸತ್ತವರು ಬಂದು ಉಣ್ಣುವ ಹೊತ್ತು. ಒಳಗೆ ಯಾರೂ ಇರಬಾರದು. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬೂದು ಧೂಳು ಎದ್ದು ಬರುತ್ತಿತ್ತು. ಅಪ್ಪ ಕುಡಿಯುತ್ತಿರಬಹುದೇ ಎಂದು ವನಿತಾ ಕಿವಿಗೊಟ್ಟಳು. ಒಳಗೆ ಏನೂ ಕೇಳಿಸಲಿಲ್ಲ.

ಕನಕಮ್ಮ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದಳು. ಒಂದಿಷ್ಟು ಅನ್ನ, ವಡೆ ತೆಗೆದು ಮೈದುನನ ಕೈಗಿಟ್ಟು, ಕಾಗೆಗೆ ಇಟ್ಟು ಬಾ ಎಂದು ಹಿತ್ತಿಲಿಗೆ ಕಳಿಸಿದಳು.

ವನಿತಾ ಲೋಟಕ್ಕೆ ಕೈ ಚಾಚಿದಳು. "ಎಡೇದು ಒಂದ್ ಗುಟುಕಾದ್ರೂ ತಗೋಬೇಕಲ್ಲಮ್ಮಾ."

ಕನಕಮ್ಮ ಲೋಟವನ್ನು ತನ್ನ ಕಡೆ ಎಳೆದುಕೊಂಡಳು. "ಬಾಟ್ಲಿ ಮುಚ್ಚಳ ಕಿತ್ತಾಗ್ಲೇ ಗೊತ್ತಾಯ್ತು. ಅಷ್ಟು ವರ್ಸ ಆ ವಾಸ್ನೆ ಪಕ್ಕ ಮಲಗಿದ್ದೋಳಿಗೆ ಮಾವಿನಣ್ಣು ಅಂತೀಯಲ್ಲೇ."

ವನಿತಾ ಕೈ ಹಿಂದಕ್ಕೆಳೆದುಕೊಂಡಳು. "ಗೊತ್ತಿದ್ದೂ ಯಾಕಿಟ್ಟೆ?"

"ಅವರಿಗೆ ಇಷ್ಟ. ನಾನಾಗಿ ತಂದಿಡಾಕೆ ಮನ್ಸು ಬರಲಿಲ್ಲ. ಮಗಳು ತಂದವಳೆ, ಕುಡ್ಕೊಂಡೋಗ್ಲಿ ಅಂತಿಟ್ಟೆ. ಕಂಪನೀನೂ ಇದರದ್ದೇನಾ?"

"ಊಂ. ಬುಧವಾರ ಕುಡಿದು ರುಚಿ ಹೇಳ್ಲಿಲ್ಲ ಅಂದ್ರೆ ಕೆಲ್ಸ ಓಗುತ್ತಮ್ಮಾ."

"ಅದುಕ್ಕೆ ಎಡೆ. ಎಡೇದು ಅಂದ್ರೆ ಆಣೆಗೆ ತಗಲಲ್ಲ ಅಂತ." ಕನಕಮ್ಮನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಅವಳು ಲೋಟ ಹಿಡಿದು ಹೊರಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಸುರಿದು ಬಂದಳು. ಆಮೇಲೆ ಬಾಟಲಿ ಎತ್ತಿ ಕದಡಿ, ಉಳಿದ ಮಬ್ಬನ್ನೆಲ್ಲ ಅದೇ ಲೋಟಕ್ಕೆ ಬಗ್ಗಿಸಿ ಮಗಳ ಮುಂದಿಟ್ಟಳು.

"ನಿಮ್ಮಪ್ಪನ ಪಾಲು ಓಯ್ತು. ಇದು ಎಡೇದಲ್ಲ, ಬಾಟ್ಲೀದು. ಕುಡಿಯಂಗಿದ್ರೆ ನನ್ ಮುಂದೆ ಕುಡಿ. ಸತ್ತೋರ ಎಸರಲ್ಲಿ ಬ್ಯಾಡ."

"ಆಣೆ?"

ಕನಕಮ್ಮ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು.

ವನಿತಾ ಲೋಟದೊಳಗಿನ ಮಬ್ಬನ್ನು ನೋಡಿದಳು. ಬೇಡವೆಂದು ತಳ್ಳಿಬಿಟ್ಟರೆ ಅಮ್ಮ ಮತ್ತೆ ಅಂಗೈ ಚಾಚಬಹುದಿತ್ತು. ಬುಧವಾರ ಆ ಮೂಲೆ ಇನ್ಯಾರದೋ ಆಗುತ್ತಿತ್ತು. ಅವಳು ಲೋಟವನ್ನೆತ್ತಿದಳು.

ಮೊದಲು ಬಂದದ್ದು ಮಾವಿನ ಸಿಪ್ಪೆಯ ಘಮ, ಹಣ್ಣೇ ಇಲ್ಲದ ಬಿಯರಿನಲ್ಲಿ. ಆಮೇಲೆ ಕಿತ್ತಳೆ ಸಿಪ್ಪೆಯ ಒಗರು. ನಾಲಿಗೆಯ ಮೇಲೆ ಕಲಸಿಟ್ಟ ಗೋಧಿ ಹಿಟ್ಟಿನ ಮೆದುತನ. ಕೊನೆಗೆ ಗಂಟಲ ಹತ್ತಿರ ಬೇವಿನ ಹೂವಿನಂಥ ಕಹಿ ನಿಂತಿತು, ಬೇಗ ಹೋಗಲಿಲ್ಲ. ಎಲ್ಲದರ ಕೆಳಗೆ ಸಂಬಳದ ಸಂಜೆ ಕಡ್ಲೆಕಾಯಿ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಅಪ್ಪನ ಉಸಿರು ಇತ್ತು.

"ಎಂಗದೆ?"

"ಚೆನ್ನಾಗದೆ," ಎಂದಳು ವನಿತಾ. ಸುಳ್ಳು ಹೇಳಲು ಆಗಲಿಲ್ಲ.

"ಅವರೂ ಅಂಗೇ ಅಂತಿದ್ರು."

ಹಿತ್ತಿಲಿಂದ ಸೆಲ್ವರಾಜ್ ಕೂಗಿದ: "ಅತ್ತಿಗೇ, ಕಾಗೆ ಈ ಸಲ ಇಟ್ ತಕ್ಷಣ ಬಂದ್ಬಿಡ್ತು! ಅಣ್ಣ ಖುಷಿಯಾಗವ್ನೆ!"

ಕನಕಮ್ಮ ಲೋಟ ತೆಗೆದುಕೊಂಡು ಹೋಗಿ ಬೂದಿ ಹಾಕಿ ತಿಕ್ಕಿದಳು, ತೊಳೆದಳು. ಒಳಗೆ ತರಲಿಲ್ಲ. ಕಿಟಕಿಯ ಹೊರಗಟ್ಟೆಯ ಮೇಲೆ, ಅಪ್ಪನ ಲೋಟ ಕೂರುತ್ತಿದ್ದ ಜಾಗದಲ್ಲಿ ಕವುಚಿಟ್ಟು, ಎಲೆ ಎತ್ತಲು ಬಂದಳು.