ಯಾರೂ ಗೆರೆ ಎಳೆಯದ ದನದ ದಾರಿ

ಜವರಯ್ಯನ ದನಗಳು ಮೊದಲು ಹತ್ತೇ ನಿಮಿಷದಲ್ಲಿ ಹಳ್ಳಕ್ಕಿಳಿದು ನೀರು ಕುಡಿಯುತ್ತಿದ್ದವು. ಈಗ ನಡುವೆ ತಂತಿಬೇಲಿ ಬಂದಿದೆ. ಬೇಲಿಯಾಚೆ ಕಣಿವೆಯುದ್ದಕ್ಕೂ ಹೊಸ ವಿಹಾರ ದಾರಿ: ನಡೆಯುವವರಿಗೆ, ಓಡುವವರಿಗೆ, ಸೈಕಲ್‌ನವರಿಗೆ. ದನಗಳು ಮಾತ್ರ ಡಾಂಬರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಸುತ್ತಬೇಕು. ಹೋದ ವಾರ ಅಲ್ಲಿ ಪ್ರವಾಸಿಗರ ಜೀಪು ಗುದ್ದಿ ಗಬ್ಬದ ಹಸುವಿನ ಕಾಲು ಮುರಿಯಿತು.

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಜೆಸಿಂತಾ ಹಸು ನೋಡಲು ಬಂದಳು.

"ನಮ್ಮನ್ನ ಒಂದ್ ಮಾತು ಕೇಳ್ದೆ ಬೇಲಿ ಹಾಕ್ಬುಟ್ರಲ್ಲ ರೈಟರಮ್ಮ," ಎಂದ ಜವರಯ್ಯ.

"ಕೇಳಿದ್ರು ಮಾರಾಯ್ರೆ. ಹೋದ ವರ್ಷ ಅಧಿಕಾರಿಗಳು ಶಾಲೇಲಿ ಸಭೆ ಕರೆದು ನಕ್ಷೆ ಹಾಸಿ, ನೀವು ಓಡಾಡೋ ದಾರಿಗೆಲ್ಲ ಗೆರೆ ಎಳೀರಿ ಅಂತ ಪೆನ್ನು ಕೈಗೇ ಕೊಟ್ರಲ್ಲ. ನೀವು ಉಪ್ಪಿಟ್ಟು ತಿಂದು ರುಜು ಹಾಕಿ ಬಂದ್ರಿ."

ಜವರಯ್ಯ ತಲೆ ತಗ್ಗಿಸಿದ. ಪೆನ್ನು ಕೈಗೆ ಬಂದದ್ದು ನಿಜ. ಆದರೆ ಆ ದನದ ದಾರಿ ಜೆಸಿಂತಾಳ ಸಾವ್ಕಾರರಾದ ಎಲಿಯಾಸರ ಕಾಫಿ ತೋಟದ ಅಂಚಿನಲ್ಲಿತ್ತು. ಎಲಿಯಾಸರ ತಂದೆ ಯಾವ ಕಾಲದಲ್ಲೋ "ಹೊಡ್ಕೊಂಡು ಹೋಗ್ರಪ್ಪ" ಅಂದಿದ್ದರು, ಅಷ್ಟೇ. ಕಾಗದವಿಲ್ಲ. ಗೆರೆ ಎಳೆದರೆ ಹಕ್ಕು ಕೇಳಿದಂತಾಗಿ ಸಾವ್ಕಾರರೇ ದಾರಿ ಮುಚ್ಚಿಯಾರು ಎಂದು ದನ ಸಾಕಿದ ಆರು ಮನೆಯ ಗಂಡಸರು ಸಭೆಯ ಹಿಂದಿನ ದಿನವೇ ಹಾಲಿನ ಡೈರಿ ಮುಂದೆ ಸೇರಿ, ಬಾಯಿ ಬಿಡಬಾರದೆಂದು ಮಾತಾಡಿಕೊಂಡಿದ್ದರು. ವರದಿಯಲ್ಲಿ ಹೀಗೆ ಬಂತು: 'ಈ ಭಾಗದಲ್ಲಿ ಜಾನುವಾರು ಓಡಾಟವಿಲ್ಲ.'

"ನಮ್ಮ ಸಾವ್ಕಾರ್ರು ಬೇಲಿ ನೋಡಿ ಏನಂದ್ರು ಗೊತ್ತಾ?" ಎಂದಳು ಜೆಸಿಂತಾ. "'ನನ್ನನ್ನ ಕೇಳಿದ್ರೆ ಆ ಗೆರೆ ನಾನೇ ಎಳೀತಿದ್ದೆ' ಅಂದ್ರು."

ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದ ಬೆಟ್ಟಮ್ಮ ಗಂಡನ ಕಡೆ ತಿರುಗಿದಳು. "ದಿನಾ ದನ ಹೊಡ್ಯೋಳು ನಾನು. ಬಾಯಿಗೆ ಬೀಗ ಹಾಕ್ಕಳೋ ಮುಂಚೆ ನನ್ನ ಕೇಳುದ್ರಾ? ಉಪ್ಪಿಟ್ಟಾದ್ರೂ ಚೆಂದಾಗಿತ್ತಾ?"

ಜವರಯ್ಯ ನೀರಿನ ಬಕೆಟ್ಟನ್ನು ಹಸುವಿನ ಮೂತಿಯ ಹತ್ತಿರ ಸರಿಸಿದ.

"ಈ ವಿಹಾರ ದಾರಿಯ ಎರಡನೇ ಹಂತದ ನಕ್ಷೆ ಪಂಚಾಯಿತೀಲಿ ಅಂಟಿಸಿದ್ದಾರೆ," ಎಂದಳು ಜೆಸಿಂತಾ. "ಅದು ಸ್ಮಶಾನದ ದಾರಿಗೇ ಅಡ್ಡ ಹೋಗ್ತದೆ. ಆಕ್ಷೇಪಣೆಗೆ ಶನಿವಾರ ಕೊನೆ. ಬರೆದುಕೊಟ್ಟು, ಸೀಲು ಹಾಕಿದ ಸ್ವೀಕೃತಿ ತಗೊಳ್ಳಿ."

"ಬರ್ದುಕೊಟ್ರೆ ನಮ್ ಬೇಲಿ ಕೀಳ್ತಾರಾ?"

"ಸುಳ್ಳು ಹೇಳಲ್ಲ. ಆದ ಕೆಲಸ ಕೀಳಿಸೋದು ಕಷ್ಟ. ಒಂದು ಗೇಟು ಇಡಿ ಅಂತ ಕೇಳಬಹುದು. ಮುಂದಿನ ಬೇಲಿನಾದ್ರೂ ತಡೀಬಹುದು."

"ಅಲ್ಲಿಗೆ, ದನಕ್ಕಿಲ್ದಿದ್ರೂ ಹೆಣಕ್ಕಾದ್ರೂ ದಾರಿ ಐತೆ ಅನ್ನಿ," ಎಂದ ಜವರಯ್ಯ.

ಶನಿವಾರ ಪಂಚಾಯಿತಿಗೆ ಬೆಟ್ಟಮ್ಮನೇ ಮುಂದೆ ನಡೆದಳು. ನಕ್ಷೆಯ ಮೇಲೆ ಸ್ಮಶಾನದ ದಾರಿ, ಬಟ್ಟೆ ಒಗೆಯುವ ಕಲ್ಲು, ಮುಚ್ಚಿಹೋದ ದನದ ದಾರಿ, ಎಲ್ಲವನ್ನೂ ಬೆರಳಿಟ್ಟು ತೋರಿಸಿದಳು. ಜವರಯ್ಯ ಕೆಂಪು ಗೆರೆ ಎಳೆದು, ಗೇಟನ್ನೂ ಕೇಳಿ ಬರೆದ ಆಕ್ಷೇಪಣೆಯ ಕೆಳಗೆ ರುಜು ಹಾಕಿದ.

"ಇದನ್ನ ಆವತ್ತೇ ಹೇಳಿದ್ರೆ ಗೇಟು ಇಡ್ತಿದ್ವಲ್ಲಮ್ಮ," ಎಂದರು ಅಧಿಕಾರಿ. "ಈಗ ಮೇಲಕ್ಕೆ ಬರೀಬೇಕು."

ಸ್ಮಶಾನದ ದಾರಿ ಉಳಿಯಿತು. ಗೇಟಿನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಕಾಲು ಮುರಿದ ಹಸು, ಹೊಟ್ಟೆಯಲ್ಲಿದ್ದ ಕರು, ಎರಡೂ ಉಳಿಯಲಿಲ್ಲ.

ನಿಮ್ಮ ಊರಿಗೂ ನಾಳೆ ಇಂಥ ನಕ್ಷೆ ಬಂದೀತು. ಸಭೆಗೆ ಹೋಗಿ. ದನ ಹೊಡೆಯುವವರನ್ನು, ನೀರು ಹೊರುವವರನ್ನು ಜೊತೆಗೆ ಕರೆದೊಯ್ಯಿರಿ. ಇನ್ನೊಬ್ಬರ ಜಮೀನಿನಲ್ಲಿ ಬಾಯಿಮಾತಿನ ಮೇಲೆ ನಡೆಯುವ ದಾರಿಯಿದ್ದರೆ ಮೊದಲು ಅವರೊಡನೆ ಮಾತಾಡಿ, ಆಮೇಲೆ ನಕ್ಷೆಯಲ್ಲಿ ತೋರಿಸಿ. ಕೊನೆಯ ದಿನಾಂಕ ಕೇಳಿ ತಿಳಿದುಕೊಳ್ಳಿ. ಬೇಲಿ ಕಂಬ ನೆಟ್ಟ ಮೇಲೆ ನಿಮ್ಮ ಮಾತು ಬರೀ ಅರ್ಜಿ. ಅದಕ್ಕೂ ಮೊದಲು ಹೇಳಿ.