ಜಗನ್ನಾಥರ ಕಾರಿನ ಹೊಗೆ

ಜಗನ್ನಾಥರೂ ಇಂದಿರಾ ಅವರೂ ಪ್ರತಿ ಭಾನುವಾರ ದೆಹಲಿಯ ರೋಹಿಣಿ ಬಡಾವಣೆಯಿಂದ ಹೌಜ್ ಖಾಸ್‌ಗೆ, ಮಗಳ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಆದರೆ ಒಟ್ಟಿಗೆ ಅಲ್ಲ. ಜಗನ್ನಾಥರು ತಮ್ಮ 1968ರ ತಿಳಿನೀಲಿ ಕಾರಿನಲ್ಲಿ, ಇಂದಿರಾ ಮೆಟ್ರೋದಲ್ಲಿ. ಒಂದೇ ಹೊತ್ತಿಗೆ ಹೊರಟರೂ, ಜಗನ್ನಾಥರು ಬೆವರೊರೆಸಿಕೊಳ್ಳುತ್ತ ಬಾಗಿಲು ತಟ್ಟುವಷ್ಟರಲ್ಲಿ ಇಂದಿರಾ ಎರಡನೇ ಲೋಟ ಕಾಫಿ ಮುಗಿಸಿರುತ್ತಿದ್ದರು.

ಹೀಗೆ ಶುರುವಾಗಿ ಎರಡು ವರ್ಷವಾಗಿತ್ತು. ಕಾರಿನ ಎಂಜಿನ್ನಿಗೆ ಹೊಗೆ ಉಗುಳುವ ಬಾಯಿಗಳು ನಾಲ್ಕು. ಆ ನಾಲ್ಕರ ಹೊಗೆಯನ್ನೂ ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಎಲ್ಲೋ ಸಂದು ಬಿಟ್ಟಿತ್ತು. ಹೊಗೆ ಒಳಗೆ ನುಗ್ಗುತ್ತಿತ್ತು, ಟಪಟಪ ಸದ್ದು ಇಡೀ ಸೆಕ್ಟರಿಗೆ ಕೇಳುತ್ತಿತ್ತು. ‘ಸೀರೆಗೂ ವಾಸನೆ, ತಲೆಗೂ ನೋವು. ನಿಮ್ಮ ರಥ ನಿಮಗೇ ಇರಲಿ’ ಎಂದು ಇಂದಿರಾ ಇಳಿದವರು ಮತ್ತೆ ಹತ್ತಿರಲಿಲ್ಲ. ಇಷ್ಟು ಹಳೆಯ ಕಾರನ್ನು ಕಾನೂನಿನ ಪ್ರಕಾರ ಪ್ರದರ್ಶನಕ್ಕೆ ಮಾತ್ರ ಹೊರಗೆ ತೆಗೆಯಬೇಕಂತೆ ಎಂದು ಯಾರಾದರೂ ನೆನಪಿಸಿದರೆ, ಅಳಿಯನಿಗೆ ತೋರಿಸುವುದೂ ಪ್ರದರ್ಶನವೇ ಎಂದು ಜಗನ್ನಾಥರು ವಾದಿಸುತ್ತಿದ್ದರು.

ಅವರು ಸುಮ್ಮನೆ ಕೂತಿರಲಿಲ್ಲ. ಕೆಂಪು ಪೇಸ್ಟು ಮೆತ್ತಿದರು, ಸುಟ್ಟು ಉದುರಿತು. ಕಪ್ಪು ಪೇಸ್ಟು ಮೆತ್ತಿದರು, ಬಿರುಕು ಬಿಟ್ಟಿತು. ಬೂದು ಬಣ್ಣದ ಇನ್ನೊಂದನ್ನು ಬೆಣ್ಣೆ ಸವರಿದ ಹಾಗೆ ದಪ್ಪಗೆ ಸವರಿ, ಮೈಯ ಬಲವೆಲ್ಲ ಹಾಕಿ ನಟ್ಟು ಬಿಗಿದರು. ಸದ್ದು ಟಪಟಪ ಹೋಗಿ ಬುಸ್‌ಬುಸ್ ಎಂದಾಯಿತು. ಅದನ್ನೇ ಅವರು ಪ್ರಗತಿ ಎಂದುಕೊಂಡರು.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ತಂಗಿಯ ಮಗಳು ಧಾರಿಣಿ ಬಂದಳು. ಹೌಜ್ ಖಾಸ್ ಬಳಿಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ, ಎಂಜಿನ್ನಿನ ಹೊಗೆಯ ಹರಿವು.

‘ಮಾವ, ಬಾನೆಟ್ ತೆಗೀರಿ, ನೋಡೋಣ’ ಎಂದಳು.

‘ನಿಜವಾದ ಎಂಜಿನ್ ಮುಟ್ಟಿದ್ದೀಯೇನೇ?’

‘ಕಂಪ್ಯೂಟರಿನಲ್ಲಿ ನೂರಾರು ಸಲ’ ಎಂದು ಧಾರಿಣಿ ಒಳಗೆ ಹೋಗಿ ಅತ್ತೆಯ ವ್ಯಾಕ್ಯೂಮ್ ಕ್ಲೀನರ್ ಹೊತ್ತು ತಂದಳು. ಅದರ ಗಾಳಿ ಊದುವ ಕಡೆಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೈಲೆನ್ಸರಿನ ಬಾಯಿಗಿಟ್ಟು, ಸುತ್ತ ಹಳೆಯ ಟವೆಲ್ ಬಿಗಿದಳು. ತಣ್ಣಗಿದ್ದ ಮ್ಯಾನಿಫೋಲ್ಡಿಗೆ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ಸ್ವಿಚ್ ಒತ್ತಿದಳು. ಮೂರು ಬಾಯಿ ತೆಪ್ಪಗಿದ್ದವು. ನಾಲ್ಕನೆಯದರ ಬುಡದಿಂದ ಗುಳ್ಳೆಗಳು ಉಕ್ಕುಕ್ಕಿ ಬಂದವು.

ಸದ್ದಿಗೆ ಇಂದಿರಾ ಬಾಲ್ಕನಿಗೆ ಬಂದರು. ‘ಅಯ್ಯೋ! ನನ್ನ ಕ್ಲೀನರನ್ನು ಯಾವುದಕ್ಕೆ ತಗಲಿಸಿದ್ದೀರ್ರೀ?’

‘ನಾನಲ್ಲ, ಅವಳು’ ಎಂದು ಜಗನ್ನಾಥರು ತಕ್ಷಣ ಧಾರಿಣಿಯ ಕಡೆ ಬೆರಳು ತೋರಿಸಿದರು.

ನಟ್ಟುಗಳಿಗೆ ಎಣ್ಣೆ ಬಿಟ್ಟು, ತಟ್ಟಿ, ಬೇಡಿಕೊಂಡು ಬಿಚ್ಚುವಷ್ಟರಲ್ಲಿ ಹನ್ನೊಂದಾಯಿತು. ಕಳಚಿದ ಮ್ಯಾನಿಫೋಲ್ಡಿನ ಮುಖಕ್ಕೆ ಧಾರಿಣಿ ಉಕ್ಕಿನ ಸ್ಕೇಲು ಆನಿಸಿ ಬೆಳಕಿಗೆ ಹಿಡಿದಳು. ಒಂದು ತುದಿಯಲ್ಲಿ ಸ್ಕೇಲಿನಡಿ ಬಿಸಿಲು ಇಣುಕುತ್ತಿತ್ತು.

‘ಇದು ಮುಲಾಮು ಹಚ್ಚುವ ಕಾಯಿಲೆ ಅಲ್ಲ ಮಾವ. ಮೂಳೆಯೇ ಸೊಟ್ಟಗಾಗಿದೆ. ನೀವು ನಟ್ಟು ಬಿಗಿಯೋದು ಯಾವ ಕಡೆಯಿಂದ?’

‘ಎಡಗಡೆಯಿಂದ. ಒಂದನ್ನು ಪೂರ್ತಿ ಬಿಗಿದು, ಆಮೇಲೆ ಮುಂದಿನದು.’

‘ಹಾಗೆ ಒಂದೇ ತುದಿಯಿಂದ ಬಿಗಿದರೆ ಸೊಟ್ಟಗಾಗದೆ ಇನ್ನೇನು?’ ಎರಡು ವರ್ಷ ಹೆಂಡತಿಯನ್ನು ಮೆಟ್ರೋ ಹತ್ತಿಸಿದ್ದು ತನ್ನದೇ ಕೈ ಎಂದು ಜಗನ್ನಾಥರು ಆ ಕೈಯನ್ನೇ ನೋಡಿಕೊಂಡರು.

ಮಾರ್ಕೆಟ್ಟಿನ ಲೇತ್ ಅಂಗಡಿಯ ಕಿಶನ್ ಭಯ್ಯಾ ಮ್ಯಾನಿಫೋಲ್ಡನ್ನು ಒಂದು ಕಣ್ಣು ಮುಚ್ಚಿ ನೋಡಿ, ‘ಅಂಕಲ್‌ಜೀ, ಯೇ ತೋ ಕೇಲಾ ಹೈ’ ಎಂದ. ಬಾಳೆಹಣ್ಣು ಎನ್ನಿಸಿಕೊಂಡದ್ದು ಜಗನ್ನಾಥರಿಗೆ ನೋವಾಯಿತು. ಆದರೂ ಆತ ಕೂದಲೆಳೆಯಷ್ಟೇ ತರಿದು ಮುಖವನ್ನು ಕನ್ನಡಿಯಂತೆ ಮಟ್ಟಸ ಮಾಡಿಕೊಟ್ಟಾಗ ಎರಡು ಸಲ ಕೈಕುಲುಕಿದರು.

ಮಧ್ಯಾಹ್ನ ಹಳೆಯ ಪೇಸ್ಟನ್ನೆಲ್ಲ ಕೆರೆದು, ಕಶ್ಮೀರಿ ಗೇಟ್ ಬಜಾರಿನಿಂದ ತಂದಿಟ್ಟಿದ್ದ, ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಕೂರಿಸಿದರು. ಧಾರಿಣಿ ಎರಡು ಸಲ ನಟ್ಟು ಬೀಳಿಸಿದಳು. ಎರಡು ಸಲವೂ ಅವಳ ಪ್ರಬಂಧ ಬರೆಯುವ ಕೈಯನ್ನು ಜಗನ್ನಾಥರು ಹಾಸ್ಯ ಮಾಡಿ, ಸೇಡು ತೀರಿಸಿಕೊಂಡ ಸಮಾಧಾನಪಟ್ಟರು. ಬಿಗಿಯುವಾಗ ಮಾತ್ರ ಅವಳದೇ ಆಡಳಿತ.

‘ನಡುವಿನಿಂದ ಶುರು ಮಾಡಿ. ಈಗ ಆ ಕಡೆಯದು, ಈಗ ಈ ಕಡೆಯದು. ಅಷ್ಟಷ್ಟೇ. ಮಾವ! ಸಾಕು ಅಂದೆನಲ್ಲ?’

‘ಇನ್ನೊಂಚೂರು…’

‘ಸಾಕು!’

ಎಂಜಿನ್ ಒಮ್ಮೆ ಬಿಸಿಯಾಗಿ, ತಣ್ಣಗಾದ ಮೇಲೆ ಮತ್ತೆ ಅದೇ ಕ್ರಮದಲ್ಲಿ ಹಿಡಿತ ನೋಡಿ ಬಿಗಿದರು. ಸಂಜೆ ಐದಕ್ಕೆ ಜಗನ್ನಾಥರು ಮತ್ತೆ ಕೀಲಿ ತಿರುಗಿಸಿದಾಗ ಟಪಟಪ ಇಲ್ಲ, ಬುಸ್‌ಬುಸ್ ಇಲ್ಲ. ಹೊಗೆಯೆಲ್ಲ ಹಿಂದಿನ ಕೊಳವೆಯಿಂದ ಮರ್ಯಾದೆಯಾಗಿ ಹೋಗುತ್ತಿತ್ತು. ಇಷ್ಟು ದಿನ ಆ ಗದ್ದಲದಲ್ಲಿ ಅಡಗಿದ್ದ ಬಾಗಿಲಿನ ಗಡಗಡ, ಬೆಲ್ಟಿನ ಕಿರ್‌ಕಿರ್, ಸೀಟಿನ ಸ್ಪ್ರಿಂಗಿನ ನರಳಾಟ ಈಗ ಒಂದೊಂದಾಗಿ ಕಿವಿಗೆ ಬಿದ್ದವು. ಜಗನ್ನಾಥರು ಅವನ್ನು ಕೇಳಿಸಿಕೊಳ್ಳದ ಹಾಗಿದ್ದರು.

ಮರುದಿನ ಇಂದಿರಾ ಕಾರಿನೊಳಗೆ ತಲೆ ಹಾಕಿ ಮೂರು ಸಲ ಮೂಸಿ ನೋಡಿ, ಮೆಟ್ರೋ ಕಾರ್ಡನ್ನು ಚೀಲದಲ್ಲಿ ಭದ್ರವಾಗಿಟ್ಟುಕೊಂಡೇ ಕೂತರು. ಕಿಟಕಿಗಳನ್ನು ತೆರೆದೇ ಇಟ್ಟರು. ಮೊದಲ ಸಿಗ್ನಲ್ ದಾಟಿತು, ಎರಡನೆಯದೂ ದಾಟಿತು. ಜಗನ್ನಾಥರು ಓರೆಗಣ್ಣಿನಿಂದ ನೋಡುತ್ತಲೇ ಇದ್ದರು. ಕೊನೆಗೆ ಇಂದಿರಾ ಮೂಗಿನಿಂದ ಸೆರಗು ತೆಗೆದರು.

‘ರೀ, ನಿಲ್ಲಿಸಿ, ನಿಲ್ಲಿಸಿ!’

ಜಗನ್ನಾಥರು ತಟ್ಟನೆ ಬ್ರೇಕ್ ಒತ್ತಿದರು. ‘ವಾಸನೆ ಬಂತಾ?’

‘ಅಲ್ಲ, ಅಲ್ಲಿ ನೋಡಿ, ಕಕ್ಕೆ ಹೂ! ಮೆಟ್ರೋದಲ್ಲಿ ನೆಲದೊಳಗೇ ಹೋಗಿ ಹೋಗಿ ಇವನ್ನೆಲ್ಲ ಮರೆತೇಬಿಟ್ಟಿದ್ದೆ.’

ರಸ್ತೆಯುದ್ದಕ್ಕೂ ಹಳದಿ ಗೊಂಚಲುಗಳು ತೂಗುತ್ತಿದ್ದವು. ಇಬ್ಬರೂ ಇಳಿದರು. ನೆರಳಿನಲ್ಲಿ ತಳ್ಳುಗಾಡಿಯ ಭಯ್ಯಾನಿಂದ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಂಡು ತಿಂದರು. ‘ಇನ್ನೊಂದು ಸುತ್ತು ಹೋಗೋಣ, ಆ ಕಡೆ ಇನ್ನೂ ಹೆಚ್ಚಿರಬಹುದು’ ಎಂದರು ಇಂದಿರಾ. ಒಂದಲ್ಲ, ಮೂರು ಸುತ್ತು ಹೋದರು.

ಮಗಳ ಮನೆ ತಲುಪಿದಾಗ ಎರಡೂವರೆ. ಮಗಳು ಹರ್ಷಿಣಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು. ‘ಎಲ್ಲಿದ್ರಿ? ಫೋನೂ ಎತ್ತಲ್ಲ, ಸಾರೆಲ್ಲ ತಣ್ಣಗಾಯ್ತು!’

‘ಕಾರು ಕೆಟ್ಟು ನಿಂತಿತ್ತು ಕಣೇ’ ಎಂದರು ಇಂದಿರಾ, ಕಣ್ಣೂ ಮಿಟುಕಿಸದೆ.

ಜಗನ್ನಾಥರ ಕಿವಿ ಕೆಂಪಾಯಿತು. ನಿನ್ನೆಯಷ್ಟೇ ಕನ್ನಡಿಯಂತೆ ಮಾಡಿಸಿದ ಮ್ಯಾನಿಫೋಲ್ಡು! ಬಾಯಿ ತೆರೆದರು. ಅಷ್ಟರಲ್ಲಿ ಇಂದಿರಾ ಸೆರಗಿನ ಮರೆಯಲ್ಲಿ ಅವರ ಮುಂಗೈಯನ್ನು ಮೆಲ್ಲಗೆ ಒತ್ತಿದರು.

‘ಹೂಂ’ ಎಂದರು ಜಗನ್ನಾಥರು. ‘ದಾರಿಯಲ್ಲಿ ತುಂಬಾ ತೊಂದರೆ ಕೊಟ್ಟಿತು’ ಎಂದವರೇ ಊಟಕ್ಕೆ ಕೈತೊಳೆಯಲು ನಡೆದರು.