ಕೆಂಚನ ಜ್ವರ

೧೯೪೯ರ ಬೇಸಿಗೆ. ಸಿರುಗುಪ್ಪದ ಕಡೆ ದನಗಳಿಗೆ ದೊಡ್ಡರೋಗದ ಲಸಿಕೆ ಹಾಕಿ ಪಶುವೈದ್ಯ ವಿರೂಪಾಕ್ಷಪ್ಪ ಬಳ್ಳಾರಿಯ ಆಸ್ಪತ್ರೆಗೆ ಮರಳಿದಾಗ ಇಳಿಹೊತ್ತಾಗಿತ್ತು. ಮೈಯೆಲ್ಲ ಬಸ್ಸಿನ ಧೂಳು. ಚೀಲ ಇಟ್ಟು ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಆದರೆ ಬೇವಿನ ಮರದಡಿ ಗಂಡ ಹೆಂಡತಿ ಕಾದು ಕೂತಿದ್ದರು. ಪಕ್ಕದಲ್ಲಿ ಕಂಬಳಿಯ ಮೇಲೆ ಬಾಯಿಗೆ ಹಗ್ಗ ಬಿಗಿದ ಕೆಂಚು ನಾಯಿ, ಕೆಂಚ.

ಅವರು ಕುರುಗೋಡಿನ ಕುರಿಗಾರ ಗಾಳೆಪ್ಪ, ಅವನ ಹೆಂಡತಿ ದೊಡ್ಡಬಸಮ್ಮ. ಗಾಳೆಪ್ಪನ ಬಲಗೈಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು.

“ಹುಚ್ಚು ಹಿಡದೈತಿ, ಬಡದು ಹಾಕ್ರಿ ಅಂತ ಊರವ್ರು ಗಂಟು ಬಿದ್ದಾರ್ರೀ,” ಎಂದಳು ದೊಡ್ಡಬಸಮ್ಮ. “ಕೂಳು ಮುಟ್ಟವಲ್ದು. ನಿಂತ್ರ ತೂರಾಡತೈತಿ. ನಿನ್ನಿ ಇವ್ರನ್ನ ಕಚ್ಚಿತು.”

“ಕಿವ್ಯಾಗಿನ ಉಣ್ಣಿ ಕೀಳಾಕ ಹೋಗಿದ್ದೆ ಸಾಹೇಬ್ರ. ನೋವಾಗಿ ಕಚ್ಚೈತಿ, ಅಷ್ಟ,” ಎಂದ ಗಾಳೆಪ್ಪ.

“ಉಚ್ಚಿ ಹೆಂಗ ಹೋಗತೈತಿ?” ಎಂದು ಕೇಳಿದ ವಿರೂಪಾಕ್ಷಪ್ಪ.

“ಬೆಲ್ಲದ ನೀರಿನಂಗ, ಕೆಂಪಗ.”

ನಾಳೆ ಬರ್ರಿ ಎಂಬ ಮಾತು ವಿರೂಪಾಕ್ಷಪ್ಪನ ನಾಲಿಗೆಯ ತುದಿಗೆ ಬಂದಿತ್ತು. ನಾಯಿಯ ಕಣ್ಣುರೆಪ್ಪೆ ಸರಿಸಿದ. ಒಳಗೆ ರಕ್ತವೇ ಇಲ್ಲದ ಹಾಗೆ ಬಿಳಿಚಿತ್ತು. ಮಾತು ನುಂಗಿಕೊಂಡು ಕಿವಿಯ ತುದಿ ಚುಚ್ಚಿದ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕವನ್ನು ಪಡುವಣ ಕಿಟಕಿಗೆ ಎಳೆದ. ಅದರ ಕನ್ನಡಿಗೆ ಬೀಳುವ ಬಿಸಿಲೇ ಬೆಳಕು.

ಮೊದಲ ಗಾಜಿನಲ್ಲಿ ಏನೂ ಕಾಣಲಿಲ್ಲ. ಕಣ್ಣಲ್ಲಿ ನೀರು ಬಂತು. ಎದ್ದು ಮುಖ ತೊಳೆದು ಇನ್ನೊಂದು ಹನಿ ತೆಗೆದ. ಬಿಸಿಲು ಇಳಿಯುತ್ತಿತ್ತು. ಗಾಜಿನ ಅಂಚಿಗೆ ಬರುವಾಗ ಒಂದು ಕೆಂಪು ಕಣದ ಹೊಟ್ಟೆಯಲ್ಲಿ ಚೂಪು ತುದಿಗಳನ್ನು ಜೋಡಿಸಿಕೊಂಡ ಎರಡು ನೀಲಿ ಹನಿಗಳು ಕಂಡವು. ಆಮೇಲೆ ಇನ್ನೊಂದು ಜೋಡಿ.

“ಉಣ್ಣಿ ಜ್ವರ ಇದು,” ಎಂದು ಹೊರಗೆ ಬಂದ. “ಉಣ್ಣಿ ಕಚ್ಚಿದಾಗ ಇದರ ಕ್ರಿಮಿ ರಕ್ತದಾಗ ಸೇರಿಕೊಂಡೈತಿ. ಔಷಧಿ ಐತಿ, ಚುಚ್ಚತೀನಿ.”

ಗಾಳೆಪ್ಪನ ಮುಖ ಅರಳಿತು. “ಅಂದ್ರ ಹುಚ್ಚಲ್ಲ! ನನಗ ಹೊಟ್ಟಿಗೆ ಸೂಜಿ ಬ್ಯಾಡಲ್ರೀ?”

ಹೂಂ ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ವಿರೂಪಾಕ್ಷಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

“ಜ್ವರ ಐತಿ ಅನ್ನೋದು ಖರೆ. ಹುಚ್ಚು ಇಲ್ಲ ಅಂತ ಈ ಗಾಜು ಹೇಳೂದಿಲ್ಲಪ್ಪಾ. ಎರಡೂ ಕೂಡಿ ಇರಬಹುದು. ನಾಯಿನ ಅಮಾಸಿ ದಾಟೋತನಕ, ಹತ್ತು ದಿನ, ಕಟ್ಟಿ ಹಾಕ್ರಿ. ಹುಚ್ಚಿದ್ರ ಅಷ್ಟರಾಗ ಸಾಯತೈತಿ. ಬದುಕಿದ್ರ ಸೂಜಿ ನಿಲ್ಲಸೋಣ. ನೀನು ಮಾತ್ರ ಈಗ ದೊಡ್ಡಾಸ್ಪತ್ರಿಗೆ ಹೋಗು.”

“ನಾ ಒಲ್ಲೆ,” ಎಂದ ಗಾಳೆಪ್ಪ.

“ಏಳ್ರಿ,” ಎಂದಳು ದೊಡ್ಡಬಸಮ್ಮ. ದನಿ ಏರಿಸಲಿಲ್ಲ, ಏರಿಸುವಷ್ಟು ತ್ರಾಣ ಅವಳಲ್ಲೂ ಇರಲಿಲ್ಲ. “ನಾಯಿ ಹೋದ್ರ ಇನ್ನೊಂದು ಸಾಕತೀನಿ.”

ಗಂಡನನ್ನು ಆಸ್ಪತ್ರೆಗೆ ಸೇರಿಸಿ, ಬಾಡಿಗೆ ಬಂಡಿಯಲ್ಲಿ ನಾಯಿಯೊಂದಿಗೆ ಒಬ್ಬಳೇ ಊರಿಗೆ ಹೋದಳು. ಬಡಿಗೆ ಹಿಡಿದು ಬಂದವರಿಗೆ, ಡಾಕ್ಟರು ಅಮಾಸಿತನಕ ಮುಟ್ಟಬ್ಯಾಡ್ರಿ ಅಂದಾರ ಎಂದಷ್ಟೇ ಹೇಳಿ ಬಾಗಿಲಿಗೆ ಅಡ್ಡ ಕೂತಳು.

ಅಮಾವಾಸ್ಯೆ ಕಳೆದ ಮೇಲೆ ವಿರೂಪಾಕ್ಷಪ್ಪ ಕುರುಗೋಡಿಗೆ ಹೋದ. ಕೆಂಚ ಗೂಟದ ಬಳಿ ಅಂಬಲಿ ನೆಕ್ಕುತ್ತಿತ್ತು. ಪಕ್ಕೆಲುಬು ಎದ್ದಿದ್ದರೂ ಕಣ್ಣು ತಿಳಿಯಾಗಿತ್ತು. ಗಾಳೆಪ್ಪನ ಸೂಜಿ ನಿಲ್ಲಿಸಲು ಆಸ್ಪತ್ರೆಗೆ ಹೇಳುತ್ತೇನೆ ಎಂದಾಗ ದೊಡ್ಡಬಸಮ್ಮ ಗೋಡೆಗೆ ಒರಗಿ, ಸೆರಗನ್ನು ಮುಖಕ್ಕೆ ಎಳೆದುಕೊಂಡು, ಅವನು ಇನ್ನೂ ನಿಂತಿರುವಾಗಲೇ ನಿದ್ದೆ ಹೋದಳು.